ಹರಕೆಯ ಮಣ್ಣು

ಆ ಗೋಪುರವನ್ನು ಭೂತಗಳು ಒಂದೇ ರಾತ್ರಿಯಲ್ಲಿ ಕಟ್ಟಿ ಮುಗಿಸಿದವು ಎಂದು ಆಗ ಎಲ್ಲರೂ ನಂಬಿದ್ದರು. ಊರಿನವರು ನಂಬಿದ್ದರು, ಪರವೂರಿನಿಂದ ಬಂದವರು ನಂಬಿದ್ದರು, ಪೂಜೆ ಮಾಡುವವರು ನಂಬಿದ್ದರು. ನಂಬದವನು ಯಾರಾದರೂ ಬಂದರೆ ಅವನೊಡನೆ ವಾದಕ್ಕೆ ನಿಲ್ಲುವ ಅಗತ್ಯವಿರಲಿಲ್ಲ. ಗೋಪುರದ ಬುಡಕ್ಕೆ ಕರೆದೊಯ್ದು ಮೇಲೆ ನೋಡು ಎಂದರೆ ಸಾಕಿತ್ತು. ಕುತ್ತಿಗೆ ನೋಯುವ ಹೊತ್ತಿಗೆ ಅವನೂ ನಂಬಿರುತ್ತಿದ್ದ.

ಅಡಿವೆಯ್ಯ ಅಂದು ಬೆಳಿಗ್ಗೆ ಮೇಲೆ ನೋಡಿದ್ದ. ಗುರುಗಳ ಜೊತೆ ಯಾತ್ರೆ ಹೊರಟವನು, ದಾರಿಯಲ್ಲಿ ಆ ಊರಿನಲ್ಲಿ ತಂಗಿದ್ದ. ಅವನು ಕಲ್ಲುಕುಟಿಗರ ಮನೆಯವನು. ಮಠ ಸೇರುವ ಮೊದಲು ಅಪ್ಪನ ಜೊತೆ ಒರಳು, ಬೀಸುವ ಕಲ್ಲು ಕಡೆಯುತ್ತಿದ್ದ. ಕಲ್ಲಿನ ಭಾರ ಎಷ್ಟೆಂಬುದನ್ನು ಅವನು ಕಲಿತದ್ದು ಸೊಂಟದಿಂದ. ಗೋಪುರದ ನೆತ್ತಿಯ ಮೇಲೆ ಕೂತಿದ್ದುದು ಒಂದೇ ಒಂದು ಇಡೀ ಕಲ್ಲು. ಅವನಪ್ಪನ ಮನೆ ಅದಕ್ಕಿಂತ ಚಿಕ್ಕದು. ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಸಾರು ಬಡಿಸಿದ್ದನ್ನೂ ಗಮನಿಸಲಿಲ್ಲ.

ಸಂಜೆ ಗುರುಗಳು ಕೆರೆಯ ಏರಿಯ ಮೇಲೆ ಕೂತರು. ಮುಂದೆ ನೀರು, ನೀರಿನಾಚೆ ಗೋಪುರ. ಅಡಿವೆಯ್ಯ ಪಕ್ಕದಲ್ಲಿ ಕೂತು ಕಡ್ಡಿಯಿಂದ ನೆಲ ಕೆದಕತೊಡಗಿದ. ಒಂದು ಹೆಂಟೆ ಕಪ್ಪಗೆ ಬಂತು, ಅದರ ಮಗ್ಗುಲಿನದು ಕೆಂಪಗೆ, ಇನ್ನೊಂದು ಬೂದಿಯ ಬಣ್ಣ. ಅವನ ಗಮನ ಅದರ ಮೇಲಿರಲಿಲ್ಲ.

“ಗುರುಗಳೇ, ಇದನ್ನು ಭೂತಗಳು ಕಟ್ಟಿದ್ದು ನಿಜವೇ?”

“ನಿನಗೇನನ್ನಿಸುತ್ತದೆ?”

“ಕಲ್ಲು ಹೊತ್ತವನು ನಾನು. ಮನುಷ್ಯರು ಕಟ್ಟಿದರು ಎಂದರೆ ನಾಚಿಕೆಯಾಗುತ್ತದೆ. ಭೂತಗಳು ಎಂದರೆ ನೆಮ್ಮದಿ.”

“ಆ ನೆಮ್ಮದಿ ನಿನಗೊಬ್ಬನಿಗೇ ಬೇಕಾಗಿರುವುದಲ್ಲ,” ಎಂದರು ಗುರುಗಳು. “ಹಡಗಿನ ವ್ಯಾಪಾರ ಮಾಡುವ ವರ್ತಕನೊಬ್ಬ ಮಠಕ್ಕೆ ಬಂದಿದ್ದ. ಮರಳುಗಾಡಿನ ದೇಶದಲ್ಲಿ ರಾಜರ ಗೋರಿಗಳಿವೆಯಂತೆ, ಒಂದೊಂದೂ ಗುಡ್ಡದಷ್ಟು. ದೈತ್ಯರು ಪೇರಿಸಿದ್ದು ಅಂತ ಅಲ್ಲಿಯವರು ಹೇಳಿದರಂತೆ. ಚಳಿದೇಶಗಳಲ್ಲಿ ಕಣಿವೆಗೆ ಅಡ್ಡಲಾಗಿ ಕಲ್ಲಿನ ಕಮಾನು ಹಾಕಿದ ಸೇತುವೆಗಳಿವೆ, ಅವು ಸೈತಾನನ ಕೆಲಸ. ಇನ್ನೊಂದು ಕಡೆ ಬಯಲಿನಲ್ಲಿ ದುಂಡಗೆ ನಿಲ್ಲಿಸಿದ ಬಂಡೆಗಳು, ಅವನ್ನು ಒಬ್ಬ ಮಂತ್ರವಾದಿ ಹಾರಿಸಿಕೊಂಡು ಬಂದ. ದೊಡ್ಡ ಕಲ್ಲು ಕಂಡಲ್ಲೆಲ್ಲ ಜನ ಮನುಷ್ಯರನ್ನು ಬಿಟ್ಟು ಮಿಕ್ಕವರನ್ನೆಲ್ಲ ನೆನೆಯುತ್ತಾರೆ.”

“ಹಾಗಾದರೆ ಇಲ್ಲಿ ಭೂತಗಳಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಾಜನಿಗೆ ಗೋಪುರ ಬೇಕಾಗಿತ್ತು. ಎಷ್ಟು ಎತ್ತರ ಎಂದು ಕೇಳಿದ್ದಕ್ಕೆ, ಪಕ್ಕದ ರಾಜನದಕ್ಕಿಂತ ಎತ್ತರ ಎಂದ. ಭಕ್ತಿ ಎಷ್ಟಿತ್ತೋ ಅವನಿಗೇ ಗೊತ್ತು. ಒಬ್ಬ ಸ್ಥಪತಿಯನ್ನು ಕರೆಸಿದರು. ಸ್ಥಪತಿ ಜಾಗ ನೋಡಿದ, ಕಲ್ಲಿನ ಗುಡ್ಡ ನೋಡಿದ, ಮೂರು ದಿನ ಕೂತು ಲೆಕ್ಕ ಹಾಕಿದ. ಆಮೇಲೆ ಬಂದು ಹೇಳಿದ:

“ಅಷ್ಟು ದೊಡ್ಡ ಕಲ್ಲನ್ನು ಎತ್ತುವ ಉಪಾಯ ನನಗೆ ಗೊತ್ತಿಲ್ಲ. ಕಲ್ಲನ್ನು ಎತ್ತುವುದು ಬೇಡ. ನೆಲವನ್ನು ಎತ್ತೋಣ.”

ರಾಜನಿಗೆ ಅರ್ಥವಾಗಲಿಲ್ಲ. ಹೂಂ ಎಂದ.

ಉಪಾಯ ಇಷ್ಟೇ. ಕಟ್ಟಡದ ಮೊದಲ ಸಾಲು ಕಲ್ಲು ಕೂರಿಸಿದ ಮೇಲೆ ಅದರ ಸುತ್ತ ಅದರ ಎತ್ತರಕ್ಕೆ ಮಣ್ಣು ತುಂಬುವುದು. ಈಗ ಎರಡನೆಯ ಸಾಲಿಗೆ ಅದೇ ನೆಲ. ಅದನ್ನೂ ಕೂರಿಸಿ ಮತ್ತೆ ಮಣ್ಣು ತುಂಬುವುದು. ಒಂದು ಕಡೆ ಮಣ್ಣನ್ನು ಉದ್ದಕ್ಕೆ ಇಳಿಜಾರಾಗಿ ಬಿಡುವುದು, ಕಲ್ಲನ್ನು ಮರದ ಉರುಳೆಗಳ ಮೇಲಿಟ್ಟು ಆ ಇಳಿಜಾರಿನಲ್ಲಿ ಎಳೆದು ತರುವುದು. ಗೋಪುರ ಬೆಳೆದಷ್ಟೂ ದಿಬ್ಬ ಬೆಳೆಯಬೇಕು, ದಿಬ್ಬ ಬೆಳೆದಷ್ಟೂ ಇಳಿಜಾರು ಉದ್ದವಾಗಬೇಕು. ಅದು ಉದ್ದವಾಗಿ ಉದ್ದವಾಗಿ ಒಬ್ಬ ರೈತನ ಹೊಲದ ಮೇಲೆ ಹೋಗಿ ಕೂತಿತು. ಕೆಲಸ ಮುಗಿದ ಮೇಲೆ ಮಣ್ಣು ತೆಗೆದು ಹೊಲ ಬಿಟ್ಟುಕೊಡುತ್ತೇವೆ ಎಂದು ಅವನಿಗೆ ಹೇಳಿದರು. ಹೇಳಿದವರಿಗೆ ಅದು ನಿಜವೆಂದೇ ಅನ್ನಿಸಿತ್ತು.

ಅಷ್ಟು ಮಣ್ಣು ಎಲ್ಲಿಂದ ತರುವುದು? ರಾಜನ ಆಳುಗಳು ಸಾಲಲಿಲ್ಲ. ಆಗ ಯಾರೋ ಒಂದು ಹರಕೆ ಹುಟ್ಟಿಸಿದರು. ಹರಕೆ ಹೊತ್ತವರು ತಮ್ಮದೇ ಹೊಲದ ಮಣ್ಣನ್ನು ಬುಟ್ಟಿಗೆ ತುಂಬಿ, ಅರಿಸಿನ ಕುಂಕುಮ ಇಟ್ಟು, ತಲೆಯ ಮೇಲೆ ಹೊತ್ತು, ಬರಿಗಾಲಿನಲ್ಲಿ ನಡೆದು ಬಂದು ದಿಬ್ಬಕ್ಕೆ ಸುರಿಯಬೇಕು. ಸುರಿದ ಮೇಲೆ ತಿರುಗಿ ನೋಡದೆ ಹೋಗಬೇಕು. ಮಗುವಿಗೆ ಜ್ವರ ಬಿಟ್ಟರೆ ಒಂದು ಬುಟ್ಟಿ. ಮಗಳಿಗೆ ಗಂಡು ಗೊತ್ತಾದರೆ ಎರಡು. ಅತ್ತೆ ಎಣ್ಣೆ ಸ್ನಾನಕ್ಕೆ ಹೋದಾಗ ಕಾಲು ಜಾರಿದರೆ ಎಷ್ಟು ಎಂದು ಕೇಳಿದ ಸೊಸೆಯೂ ಇದ್ದಳಂತೆ. ಕರಿಮಣ್ಣಿನ ಸೀಮೆಯವರು ಕರಿಮಣ್ಣು ತಂದರು, ಕೆಮ್ಮಣ್ಣಿನವರು ಕೆಮ್ಮಣ್ಣು, ಸವಳು ನೆಲದವರು ತಮ್ಮ ಬೂದಿ ಬಣ್ಣದ ಮಣ್ಣನ್ನೇ ತಂದರು. ರಾಜನ ಸೈನಿಕರು ಕತ್ತಿ ಹಿಡಿದು ನಿಂತಿದ್ದರೂ ಅಷ್ಟು ಮಣ್ಣು ಬರುತ್ತಿರಲಿಲ್ಲ.

ವರ್ಷಗಳು ಹೋದವು. ಹಣ್ಣಿನೊಳಗೆ ಬೀಜ ಬಲಿತ ಹಾಗೆ ಮಣ್ಣಿನೊಳಗೆ ಗೋಪುರ ಬಲಿಯಿತು. ದೂರದಿಂದ ಬಂದವನಿಗೆ ಕಾಣುತ್ತಿದ್ದುದು ಒಂದು ಗುಡ್ಡ, ಅದರ ತುದಿಯಲ್ಲಿ ಇರುವೆಗಳಂತೆ ಜನ. ಸ್ಥಪತಿಯ ಸ್ಥಿತಿಯೂ ಅದೇ ಆಗಿತ್ತು. ಪ್ರತಿಯೊಂದು ಕಲ್ಲೂ ಅವನ ಕೈ ಮುಟ್ಟಿ ಹೋದದ್ದು. ಒಟ್ಟು ಗೋಪುರವನ್ನು ಮಾತ್ರ ಅವನು ನೋಡಿರಲಿಲ್ಲ. ಅದು ಹೇಗಿದೆ ಎಂದು ಯಾರಾದರೂ ಕೇಳಿದರೆ, ಚೆನ್ನಾಗಿರಬೇಕು ಎನ್ನುತ್ತಿದ್ದ. ಅಷ್ಟರಲ್ಲಿ ಅವನಿಗೆ ವಯಸ್ಸಾಗಿತ್ತು. ಕಣ್ಣಿಗೆ ಪೊರೆ ಬರತೊಡಗಿತ್ತು. ಉಳಿಯ ಮೊನೆ ಕಾಣುವುದು ಎಂದೋ ನಿಂತಿತ್ತು, ದೂರದ್ದು ಇನ್ನೂ ಮಸುಕಾಗಿ ಕಾಣುತ್ತಿತ್ತು. ಅವನಿಗೆ ಉಳಿದದ್ದು ಒಂದೇ ಆಸೆ. ಕಣ್ಣು ಹೋಗುವುದರೊಳಗೆ ಗೋಪುರ ನೋಡಬೇಕು.

ನೆತ್ತಿಯ ಕಲ್ಲು ಹೊರಟಿತು. ಆನೆಗಳನ್ನು ಕಟ್ಟಿದರು. ಅರ್ಧ ದಾರಿಯಲ್ಲಿ ಇಳಿಜಾರಿನ ಕೆಳಗೆ ನೋಡಿದ ಆನೆಗಳು ಇನ್ನೊಂದು ಹೆಜ್ಜೆ ಇಡಲಿಲ್ಲ. ಆನೆಗೆ ಬುದ್ಧಿಯಿದೆ. ಆನೆಗಳನ್ನು ಬಿಚ್ಚಿ ಮನುಷ್ಯರನ್ನು ಕಟ್ಟಿದರು. ಹೊಲ ಕಳೆದುಕೊಂಡಿದ್ದ ರೈತನೂ ಹಗ್ಗಕ್ಕೆ ಹೆಗಲು ಕೊಟ್ಟ. ಕಲ್ಲು ಬೇಗ ಮೇಲೆ ಹೋದಷ್ಟೂ ಹೊಲ ಬೇಗ ಸಿಗುತ್ತದೆ ಎಂಬುದು ಅವನ ಲೆಕ್ಕ. ಒಂದು ಗೇಣು ಎಳೆಯುವುದು, ಹಿಂದಿನಿಂದ ಬೆಣೆ ಕೊಡುವುದು, ಉಸಿರು ತೆಗೆದುಕೊಳ್ಳುವುದು, ಮತ್ತೊಂದು ಗೇಣು. ಎಳೆಯುವವರ ಕೂಗು ನಿಂತಾಗ ಕಲ್ಲಿನ ಕೆಳಗೆ ಮರದ ಉರುಳೆಗಳು ನರಳುವುದು ಊರಿಗೆಲ್ಲ ಕೇಳುತ್ತಿತ್ತಂತೆ. ಆ ಸದ್ದು ಕೇಳಿದವರು ಮನೆಯೊಳಗೂ ದನಿ ತಗ್ಗಿಸಿ ಮಾತಾಡುತ್ತಿದ್ದರಂತೆ. ರೈತನ ಹೆಗಲಿನ ಮೇಲೆ ಹಗ್ಗ ಕೂತ ಜಾಗ ಹುಣ್ಣಾಗಿ, ಹುಣ್ಣು ಮಾಗಿ, ದಪ್ಪ ಬರೆಯಾಗಿ ಉಳಿಯಿತು.

ಕಲ್ಲು ತುದಿ ಮುಟ್ಟಿತು. ಅಲ್ಲೊಂದು ಸಂಪ್ರದಾಯವಿತ್ತು. ನೆತ್ತಿಯ ಕಲ್ಲು ಕೂರುವ ಗಳಿಗೆಯನ್ನು ಯಾರೂ ನೋಡಬಾರದು. ನೆರೆದ ಜನರೆಲ್ಲ ಬೆನ್ನು ತಿರುಗಿಸಿ ನಿಂತರು. ಸ್ಥಪತಿಯೂ ಅವನ ಕೆಲಸಗಾರರೂ ಸನ್ನೆಗೋಲು ಹಾಕಿ, ಕಲ್ಲಿನಡಿಗೆ ಮೊದಲೇ ತುಂಬಿಟ್ಟಿದ್ದ ಮರಳನ್ನು ನಿಧಾನವಾಗಿ ಸುರಿಸಿ ತೆಗೆದು, ಅದನ್ನು ತನ್ನ ಜಾಗಕ್ಕೆ ಇಳಿಸಿದರು. ಶಂಖ ಊದಿದ ಮೇಲೆ ಜನ ತಿರುಗಿದರು. ಕಲ್ಲು ಕೂತಿತ್ತು. ಎಷ್ಟೋ ಜನ ಅತ್ತರು. ರಾಜ ತನ್ನ ಹೆಸರು ಕೆತ್ತಿಸಿದ. ಊಟವಾಯಿತು. ಎಲ್ಲರೂ ಮನೆಗೆ ಹೋದರು.

ದಿಬ್ಬ ಅಲ್ಲೇ ಉಳಿಯಿತು.

ಮೊದಲ ಮಳೆಗೆ ರೈತ ಬಂದು ಸ್ಥಪತಿಯ ಗುಡಿಸಲಿನ ಮುಂದೆ ನಿಂತ.

“ಆಚಾರ್ರೇ, ಕಲ್ಲು ಮೇಲೆ ಹೋಯಿತು. ನನ್ನ ಹೊಲ ಯಾವಾಗ ಮೇಲೆ ಬರುತ್ತದೆ?”

“ಮಣ್ಣು ತೆಗೆಯಲು ಜನ ಬರಬೇಕು, ಗೌಡ.”

“ಹಾಕುವಾಗ ಬಂದರಲ್ಲ.”

ಬರಲಿಲ್ಲ. ಅದೊಂದನ್ನು ಸ್ಥಪತಿ ಎಣಿಸಿರಲಿಲ್ಲ. ಕಲ್ಲಿನ ಭಾರ ಎಣಿಸಿದ್ದ, ಹಗ್ಗದ ಬಲ ಎಣಿಸಿದ್ದ, ಮಳೆಗೆ ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಎಂಬುದನ್ನೂ ಎಣಿಸಿದ್ದ. ಹರಕೆಯ ಮಣ್ಣನ್ನು ಯಾರೂ ವಾಪಸು ತೆಗೆಯುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅದು ದೇವರಿಗೆ ಕೊಟ್ಟಾದದ್ದು. ಅದರಲ್ಲಿ ಯಾರದೋ ಮಗುವಿನ ಜ್ವರವಿದೆ, ಯಾರದೋ ಮಗಳ ಮದುವೆಯಿದೆ. ಅದಕ್ಕೆ ಗುದ್ದಲಿ ಹಾಕಿದರೆ ಬಿಟ್ಟ ಜ್ವರ ಮತ್ತೆ ಬರುತ್ತದೆ. ರಾಜ ಡಂಗುರ ಸಾರಿಸಿದ. ಜನ ಕೈಮುಗಿದು, ತಲೆ ಬೇಕಾದರೆ ತೆಗೆಯಿರಿ, ಮಣ್ಣು ತೆಗೆಯುವುದಿಲ್ಲ ಎಂದರು. ರಾಜ ಎರಡನೆಯ ಸಲ ಸಾರಿಸಲಿಲ್ಲ. ಅವನ ಹೆಸರು ಕೆತ್ತಿಯಾಗಿತ್ತು, ಪಕ್ಕದ ರಾಜನಿಗೆ ಸುದ್ದಿಯೂ ಮುಟ್ಟಿತ್ತು.

ಹೀಗೆ ಜಗತ್ತಿನಲ್ಲೇ ಅಂಥದೊಂದಿಲ್ಲ ಎನ್ನುವಂಥ ಗೋಪುರ, ಕಟ್ಟಿ ಮುಗಿದ ಮೇಲೂ ಮಣ್ಣಿನೊಳಗೇ ಇತ್ತು. ದಿಬ್ಬದ ಮೇಲೆ ಹುಲ್ಲು ಬೆಳೆಯಿತು. ಆಡು ಮೇಯಿಸುವವರು ಬಂದರು. ಪ್ರತಿ ಮಳೆಗೂ ತುದಿಯ ಮಣ್ಣು ಸ್ವಲ್ಪ ಕುಸಿಯಿತು. ಕೊನೆಗೆ ನೆತ್ತಿಯ ಕಲ್ಲು ಮತ್ತು ಅದರಡಿಯ ಆಳೆತ್ತರದ ಕುತ್ತಿಗೆ ಮಾತ್ರ ಮಣ್ಣಿನ ಮೇಲೆ ನಿಂತವು, ಹೂತ ಮನುಷ್ಯನ ತಲೆಯ ಹಾಗೆ. ಸ್ಥಪತಿ ದಿನವೂ ಹೋಗಿ ಆ ತಲೆಯನ್ನು ನೋಡಿ ಬರುತ್ತಿದ್ದ. ಅದು ದಿನದಿನಕ್ಕೆ ಹೆಚ್ಚು ಮಸುಕಾಗುತ್ತಿತ್ತು. ಹೊರಗೆ ಮಂಜಿರಲಿಲ್ಲ.

ಒಂದು ದಿನ ಅವನು ಕೆಲಸಗಾರರನ್ನು ಕರೆದು ತಾನು ಜನರ ಮುಂದೆ ಹೇಳಲಿರುವುದನ್ನು ತಿಳಿಸಿದ. ಅವರಲ್ಲಿ ಹಿರಿಯನಿಗೆ ಸಿಟ್ಟು ಬಂತು.

“ಹಾಗೆ ಹೇಳಿದರೆ ಇಷ್ಟು ವರ್ಷ ನಾವು ಮಾಡಿದ್ದೆಲ್ಲ ಸುಳ್ಳಾಗುತ್ತದೆ. ನಾಳೆ ನಮ್ಮ ಮೊಮ್ಮಕ್ಕಳೂ ನಂಬುವುದಿಲ್ಲ.”

“ನಂಬುವುದಿಲ್ಲ.”

“ನಿಮ್ಮ ಹೆಸರು?”

“ಗೋಪುರವೇ ಮಣ್ಣಿನೊಳಗಿದೆ,” ಎಂದ ಸ್ಥಪತಿ. “ನನ್ನ ಹೆಸರು ಹೊರಗಿದ್ದು ಏನು ಮಾಡುತ್ತದೆ?”

ಹಿರಿಯ ಎದ್ದು ಹೋದ. ಆದರೆ ಬಾಯಿ ಬಿಡಲಿಲ್ಲ. ಅವನಿಗೂ ಗೋಪುರ ನೋಡಬೇಕಾಗಿತ್ತು.

ಮುಂದಿನ ಹುಣ್ಣಿಮೆಯ ಪೂಜೆಗೆ ಜನ ಸೇರಿದಾಗ ಸ್ಥಪತಿ ದಿಬ್ಬದ ಬುಡದಲ್ಲಿ ನಿಂತ.

“ನೆತ್ತಿಯ ಕಲ್ಲು ಕೂತದ್ದನ್ನು ನಿಮ್ಮಲ್ಲಿ ಯಾರು ನೋಡಿದ್ದೀರಿ?”

ಯಾರೂ ನೋಡಿರಲಿಲ್ಲ. ಎಲ್ಲರೂ ಬೆನ್ನು ತಿರುಗಿಸಿದ್ದರು.

“ದಿಬ್ಬ ಎಲ್ಲಿಗೆ ಮುಗಿದಿದೆ ನೋಡಿ. ಕಲ್ಲು ಎಲ್ಲಿದೆ ನೋಡಿ. ನಡುವೆ ಒಂದಾಳು ಎತ್ತರ ಖಾಲಿ. ನಮ್ಮ ಮಣ್ಣು ಅಲ್ಲಿಯವರೆಗೆ ಸಾಲಲಿಲ್ಲ. ಇಷ್ಟು ದಿನ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಕಲ್ಲನ್ನು ಎತ್ತಿ ಇಟ್ಟವರು ನಾವಲ್ಲ.”

“ಮತ್ತೆ ಯಾರು?” ಎಂದಿತು ಜನರ ನಡುವಿನಿಂದ ಒಂದು ದನಿ.

“ದೇವರ ಹಿಂದೆ ಮುಂದೆ ಓಡಾಡುವ ಗಣಗಳು ಎಷ್ಟಿಲ್ಲ?”

ಜನ ನೋಡಿದರು. ದಿಬ್ಬದ ತುದಿ ಕೆಳಗಿತ್ತು, ಕಲ್ಲು ಮೇಲಿತ್ತು. ಕಣ್ಣಾರೆ ಕಂಡದ್ದನ್ನು ಅಲ್ಲವೆನ್ನುವುದು ಹೇಗೆ? ಹಗ್ಗ ಎಳೆದಿದ್ದ ರೈತ ಮಾತಾಡಲು ಬಾಯಿ ತೆರೆದ. ಹೊಲ ನೆನಪಾಯಿತು. ಬಾಯಿ ಮುಚ್ಚಿದ.

ಒಬ್ಬ ಮುದುಕಿ ಕೇಳಿದಳು:

“ಹಾಗಾದರೆ ನನ್ನ ಬುಟ್ಟಿ ದೇವರಿಗೆ ಸಂದಿಲ್ಲವೇನಪ್ಪ?”

ಸ್ಥಪತಿ ಕಾಯುತ್ತಿದ್ದುದು ಆ ಪ್ರಶ್ನೆಗಾಗಿ.

“ಕೆಲಸಕ್ಕೆ ಬಾರದ ಮಣ್ಣು ಹೇಗೆ ಸಲ್ಲುತ್ತದೆ, ತಾಯಿ? ದೇವರಿಗೆ ಮಣ್ಣು ಬೇಕಾಗಿದ್ದ ಜಾಗ ಇದಲ್ಲ, ಬೇರೆ.” ಜಾಗ ಯಾವುದೆಂದು ಕೈ ತೋರಿಸಿದ. “ಇದೇ ಮಣ್ಣನ್ನು ಅಲ್ಲಿಗೆ ಹೊತ್ತು ಹಾಕುವವರೆಗೆ ನಿಮ್ಮ ಹರಕೆ ಬಾಕಿ ಇದೆ.”

ಬಾಕಿ ಹರಕೆ ಎಂದರೆ ಸಣ್ಣ ಮಾತಲ್ಲ. ಮಾರನೆಯ ದಿನವೇ ಬುಟ್ಟಿಗಳು ಬಂದವು. ಅದೇ ಅರಿಸಿನ, ಅದೇ ಕುಂಕುಮ, ಅದೇ ಬರಿಗಾಲು. ದೂರದ ಊರುಗಳಿಗೆ ಸುದ್ದಿ ಹೋಯಿತು. ಗಾಡಿ ಕಟ್ಟಿಕೊಂಡು ಬಂದು ಊರಾಚೆ ಬಿಡಾರ ಹೂಡಿದರು. ಕರಿಮಣ್ಣಿನವರು ಕರಿಮಣ್ಣನ್ನೇ ಹುಡುಕಿ ತುಂಬಿಕೊಂಡರು, ತಮ್ಮದಲ್ಲದ ಮಣ್ಣು ಹೊತ್ತರೆ ಪುಣ್ಯ ಪರರ ಪಾಲಾಗುತ್ತದೆಂಬ ಭಯದಿಂದ. ಹಾಕುವಾಗ ಇದ್ದುದಕ್ಕಿಂತ ತೆಗೆಯುವಾಗ ಅವಸರ ಹೆಚ್ಚಾಗಿತ್ತು.

ಗೋಪುರ ಹೊರಗೆ ಬರತೊಡಗಿತು. ಮಿಕ್ಕ ಕಟ್ಟಡಗಳು ನೆಲದಿಂದ ಮೇಲಕ್ಕೆ ಹುಟ್ಟುತ್ತವೆ. ಇದು ನೆತ್ತಿಯಿಂದ ಕೆಳಕ್ಕೆ ಹುಟ್ಟಿತು. ಮೊದಲು ಭುಜ ಬಂತು. ಆಮೇಲೆ ಸಾಲು ಸಾಲು ಕೆತ್ತನೆ, ಮಣ್ಣಿನ ತೇವ ಇನ್ನೂ ಆರದೆ ಬೆಳಗಿನ ಬಿಸಿಲಿಗೆ ಹೊಳೆಯಿತು. ಬುಟ್ಟಿ ಹೊತ್ತವರು ನಾಲ್ಕು ಹೆಜ್ಜೆಗೊಮ್ಮೆ ನಿಂತು ತಿರುಗಿ ನೋಡುತ್ತಿದ್ದರು. ತಿರುಗಿ ನೋಡಬಾರದೆಂಬ ನಿಯಮ ಯಾರಿಗೂ ನೆನಪಿರಲಿಲ್ಲ. ಸ್ಥಪತಿ ದಿನವೂ ಬೆಳಗಿನಿಂದ ಸಂಜೆಯವರೆಗೆ ಒಂದು ಮರದ ಕೆಳಗೆ ಕೂತು ನೋಡಿದ. ಗೋಪುರ ಸೊಂಟದವರೆಗೆ ಬಂತು. ಅಲ್ಲಿಗೆ ಅವನ ಕಣ್ಣು ಹೋಯಿತು.

ಕೊನೆಯ ಬುಟ್ಟಿ ಹೋದ ದಿನ ರೈತ ಅವನ ಕೈ ಹಿಡಿದು ತನ್ನ ಹೊಲಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ಗೋಪುರ ಬುಡದಿಂದ ನೆತ್ತಿಯವರೆಗೆ ಕಾಣುತ್ತಿತ್ತು.

“ಗೌಡ, ಏನು ಕಾಣುತ್ತದೆ ಹೇಳು.”

ರೈತ ನೋಡಿದ. ಅವನ ಕೈ ತಾನಾಗಿಯೇ ಹೆಗಲಿನ ಬರೆಯ ಮೇಲೆ ಹೋಯಿತು.

“ಏನಂತ ಹೇಳಲಿ, ಆಚಾರ್ರೇ. ಇದು ಮನುಷ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ.”

“ನೀನು ಹಗ್ಗ ಎಳೆದಿದ್ದೆ.”

“ಎಳೆದಿದ್ದೆ.”

“ಮತ್ತೆ?”

“ಆದರೂ ಅಲ್ಲ.”

ಸ್ಥಪತಿ ಅವನ ಕಡೆ ಮುಖ ತಿರುಗಿಸಿ, ಇನ್ನೊಂದು ಸಲ ಹೇಳು ಎಂದ.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು. ಕಲ್ಲನ್ನಷ್ಟೇ ಎತ್ತಿಟ್ಟಿದ್ದ ಗಣಗಳು ರೈತನ ಮಗನ ಕಾಲಕ್ಕೆ ಭೂತಗಳಾಗಿ ಗೋಪುರವನ್ನೇ ಕಟ್ಟಿದವು, ಒಂದೇ ರಾತ್ರಿ ಎಂಬುದನ್ನು ಆಮೇಲೆ ಯಾರೋ ಸೇರಿಸಿದರು ಎಂದಷ್ಟೇ ಹೇಳಿದರು.

ಬೆಳಕು ಇಳಿಯುತ್ತಿತ್ತು. ನೀರಿನಲ್ಲಿ ಗೋಪುರ ತಲೆಕೆಳಗಾಗಿ ನಿಂತಿತ್ತು. ಅಡಿವೆಯ್ಯನಿಗೆ ಕತೆ ಹಿಡಿಸಿತ್ತು, ಅದಕ್ಕಾಗಿಯೇ ಅನುಮಾನವೂ ಬಂದಿತ್ತು. ಕತೆ ನಿಜವಾದರೆ ಬೆಳಿಗ್ಗೆ ಸಿಕ್ಕ ನೆಮ್ಮದಿಯನ್ನು ಅವನು ಇಲ್ಲೇ ಬಿಟ್ಟು ಹೋಗಬೇಕಾಗಿತ್ತು. ಅಪ್ಪನ ಕೈಯಂಥ ಕೈಗಳೇ ಇದನ್ನು ಮಾಡಿದವು ಎಂದು ಒಪ್ಪಬೇಕಾಗಿತ್ತು. ಅವನು ಸುಲಭಕ್ಕೆ ಬಿಡಲಿಲ್ಲ.

“ಗುರುಗಳೇ, ತಪ್ಪು ತಿಳಿಯಬೇಡಿ. ಕತೆ ಚೆನ್ನಾಗಿದೆ. ಆದರೆ ಕತೆ ಯಾರು ಬೇಕಾದರೂ ಕಟ್ಟಬಹುದು. ಬೆಳಿಗ್ಗೆ ನಾನು ಗೋಪುರದ ಸುತ್ತ ನಾಲ್ಕು ಸಲ ತಿರುಗಿದೆ. ಎಲ್ಲ ಕಡೆ ಸಪಾಟು ನೆಲ. ಗೋಪುರವನ್ನೇ ಮುಚ್ಚುವಷ್ಟು ಮಣ್ಣಿತ್ತು ಎನ್ನುತ್ತೀರಿ. ಭೂತಗಳು ಗುರುತು ಬಿಡಲಿಲ್ಲವೆಂದರೆ ಒಪ್ಪಬಹುದು, ಅವು ಭೂತಗಳು. ಮನುಷ್ಯರು ಹಾಕಿದ ಅಷ್ಟು ದೊಡ್ಡ ಗುಡ್ಡ ಎಲ್ಲಿ ಹೋಯಿತು?”

ಗುರುಗಳು ಅವನ ಕೈಯಲ್ಲಿದ್ದ ಕಡ್ಡಿಯನ್ನೂ, ಅದು ಕೆದಕಿ ತೆಗೆದಿದ್ದ ಕಪ್ಪು, ಕೆಂಪು, ಬೂದಿ ಬಣ್ಣದ ಹೆಂಟೆಗಳನ್ನೂ ನೋಡಿದರು.

“ನೀನು ಅದರ ಮೇಲೆಯೇ ಕೂತಿದ್ದೀಯ.”